ಚಿಕ್ಕ ಚಕ್ರಕ್ಕೆ ಹೊಸ ಹಬ್ಬು

ಬೈಸಿಕಲ್ಲಿನ ಚಕ್ರವನ್ನು ಕಾಣದವರು ಯಾರೂ ಇರಲಾರರು. ಆದರೆ ಅದು ಭಾರವನ್ನು ಹೊರುವ ಬಗೆ ಹೇಗೆಂದು ಯೋಚಿಸಿದವರು ವಿರಳ. ಎರಡು ಮಿಲಿಮೀಟರು ದಪ್ಪದ ಕಡ್ಡಿಯೊಂದನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ತುದಿಯನ್ನು ಅಂಗೈಯಿಂದ ಒತ್ತಿದರೆ ಅದು ಬಿಲ್ಲಿನಂತೆ ಬಾಗಿಬಿಡುತ್ತದೆ. ಅಂಥವೇ ಮೂವತ್ತಾರು ಕಡ್ಡಿಗಳಿಂದ ಕಟ್ಟಿದ ಚಕ್ರವಾದರೋ ಆಳನ್ನೂ ಅವನ ಹಿಂದಿನ ಅಕ್ಕಿಯ ಮೂಟೆಯನ್ನೂ ಹೊತ್ತು ವರ್ಷಗಟ್ಟಲೆ ಉರುಳುತ್ತದೆ. ಈ ವಿಚಿತ್ರದ ಒಳಗುಟ್ಟು ತಿಳಿಯಬೇಕಾದರೆ ಒಂದು ಚಕ್ರವನ್ನು ಬಿಚ್ಚಿ ಮತ್ತೆ ಕಟ್ಟುವುದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಕಟ್ಟುವುದಕ್ಕೆ ಒಂದು ಚಿಕ್ಕ ಚಕ್ರವನ್ನೇ ಆರಿಸಿಕೊಳ್ಳೋಣ. ಮಡಿಚುವ ಸೈಕಲ್ಲುಗಳಿಗೂ ಹುಡುಗರ ಸೈಕಲ್ಲುಗಳಿಗೂ ೨೦ ಅಂಗುಲದ ಚಕ್ರಗಳಿರುವುದುಂಟು. ಇಂಥದೊಂದರ ಹಿಂದಿನ ಹಬ್ಬು ಸವೆದಿದೆ, ರಿಮ್ಮು ಮಾತ್ರ ಗಟ್ಟಿಯಾಗಿದೆ ಎಂದಿಟ್ಟುಕೊಳ್ಳೋಣ. ಹಳೆಯ ಹಬ್ಬನ್ನು ತೆಗೆದು ಅದೇ ರಿಮ್ಮಿಗೆ ಮೂರು ವೇಗದ ಹಬ್ಬೊಂದನ್ನು ಕೂಡಿಸಬೇಕಾಗಿದೆ. ಇದು ಸೈಕಲ್ ಶಾಪಿನವರಿಗೆ ಬಿಟ್ಟ ಕೆಲಸವೆಂದು ತಳ್ಳಿಹಾಕುವಂತಿಲ್ಲ. ೨೮ ಅಂಗುಲದ ಚಕ್ರಗಳನ್ನು ಕಣ್ಣುಮುಚ್ಚಿ ಕಟ್ಟಬಲ್ಲ ಕೈಗಳೂ ಚಿಕ್ಕ ಚಕ್ರದಲ್ಲಿ ಎಡವುವುದುಂಟು. ದೊಡ್ಡ ಚಕ್ರದಲ್ಲಿ ಮುಚ್ಚಿಹೋಗುವ ಸಣ್ಣ ತಪ್ಪು ಚಿಕ್ಕ ಚಕ್ರದಲ್ಲಿ ಕಡ್ಡಿ ಮುರಿಯುವ ತಪ್ಪಾಗಿ ಪರಿಣಮಿಸುತ್ತದೆ. ಅಕ್ಕಪಕ್ಕದ ಎರಡು ಮೂರು ಕಡ್ಡಿಗಳು ಮುರಿದರೆ ರಿಮ್ಮು ಸೊಟ್ಟಗಾಗಿ ಫೋರ್ಕಿಗೆ ತಗುಲುತ್ತದೆ. ಇಳಿಜಾರಿನಲ್ಲಿ ಹಾಗಾದರೆ ಸವಾರನ ಗತಿಯನ್ನು ವಿವರಿಸಬೇಕಾದುದಿಲ್ಲ.

ಮೊದಲು ಚಕ್ರದ ತತ್ತ್ವವನ್ನು ನೋಡೋಣ. ಎತ್ತಿನ ಬಂಡಿಯ ಚಕ್ರದಲ್ಲಿ ಮರದ ಅರೆಕಾಲುಗಳು ಕಂಬಗಳಂತೆ ಕೆಲಸಮಾಡುತ್ತವೆ. ನಡುವಿನ ಗುಂಬವು ಆಯಾ ಕ್ಷಣದಲ್ಲಿ ಕೆಳಗಿರುವ ಅರೆಕಾಲಿನ ಮೇಲೆ ನಿಲ್ಲುತ್ತದೆ. ತಂತಿಯ ಕಡ್ಡಿಗೆ ಒತ್ತುವ ಶಕ್ತಿಯಿಲ್ಲ, ಎಳೆಯುವ ಶಕ್ತಿಯುಂಟು. ಆದುದರಿಂದ ಸೈಕಲ್ ಚಕ್ರವನ್ನು ಕಟ್ಟುವಾಗ ಪ್ರತಿಯೊಂದು ಕಡ್ಡಿಯನ್ನೂ ಮುಂಚಿತವಾಗಿಯೇ ಬಿಗಿಯಾಗಿ ಎಳೆದಿಡುತ್ತಾರೆ. ಹಿಂದಿನ ಚಕ್ರದ ಒಂದು ಕಡ್ಡಿಯಲ್ಲಿ ೧೦೦ ಕಿಲೋಗ್ರಾಂ ತೂಕ ನೇತುಹಾಕಿದಷ್ಟು ಬಿಗಿತವಿರುವುದು ಅಪರೂಪವಲ್ಲ. ಸವಾರನು ಕುಳಿತೊಡನೆ ನೆಲದ ಕಡೆಗಿರುವ ಮೂರು ನಾಲ್ಕು ಕಡ್ಡಿಗಳ ಬಿಗಿತ ಕುಗ್ಗುತ್ತದೆ. ಉಳಿದವುಗಳಲ್ಲಿ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಬಿಗಿಯಾಗಿ ಎಳೆದಿಟ್ಟ ತಂತಿಯ ಎಳೆತ ಕಡಮೆಯಾಗುವುದೂ ಕಂಬವೊಂದು ಮೇಲಕ್ಕೆ ಒತ್ತುವುದೂ ಲೆಕ್ಕದಲ್ಲಿ ಒಂದೇ. ಹೀಗೆ ತಂತಿಯು ಸಡಿಲಾಗದಿರುವವರೆಗೆ ಕಂಬದ ಕೆಲಸವನ್ನು ಮಾಡುತ್ತದೆ. ಬಿಗಿತವು ಪೂರ್ತಿಯಾಗಿ ಇಳಿದುಹೋದ ಕ್ಷಣದಲ್ಲಿ ಆ ಭಾಗದ ರಿಮ್ಮಿಗೆ ಆಧಾರವೇ ಇಲ್ಲದಂತಾಗುತ್ತದೆ.

ಬಿಗಿತ ಕುಗ್ಗುವುದು, ಮರಳಿ ಏರುವುದು—ಇದು ಚಕ್ರದ ಪ್ರತಿ ಸುತ್ತಿಗೂ ಒಂದು ಸಲ ನಡೆಯುತ್ತದೆ. ಸಾಧಾರಣ ದೊಡ್ಡ ಸೈಕಲ್ಲಿನ ಚಕ್ರವು ಒಂದು ಕಿಲೋಮೀಟರಿಗೆ ಸುಮಾರು ೪೫೦ ಸುತ್ತು ಸುತ್ತಿದರೆ ೨೦ ಅಂಗುಲದ್ದು ೬೪೫ ಸುತ್ತಬೇಕು. ಉಕ್ಕು ಮುರಿಯುವುದು ಒಮ್ಮೆಲೇ ಬಿದ್ದ ಭಾರದಿಂದಲ್ಲ, ಹೆಚ್ಚಾಗಿ ಈ ಸಡಿಲ-ಬಿಗಿಗಳ ಲಕ್ಷಾಂತರ ಆವೃತ್ತಿಗಳಿಂದ; ಇದನ್ನು ಲೋಹದ ದಣಿವು ಎನ್ನುತ್ತಾರೆ. ಚಿಕ್ಕ ಚಕ್ರದ ಕಡ್ಡಿಗಳು ಅದೇ ದಾರಿಯಲ್ಲಿ ಸುಮಾರು ಒಂದೂವರೆಪಟ್ಟು ದಣಿಯುತ್ತವೆ ಎಂದಾಯಿತು.

ಎಳೆತದಿಂದ ನಿಲ್ಲುವ ಚಕ್ರದ ಕಲ್ಪನೆ ಹಳೆಯದು. ಇಂಗ್ಲೆಂಡಿನ ಜಾರ್ಜ್ ಕೇಲಿ ೧೮೦೮ರಲ್ಲಿಯೇ ವಿಮಾನಯಂತ್ರದ ಚಕ್ರಗಳನ್ನು ಹಗುರ ಮಾಡಲು ಇದನ್ನು ಸೂಚಿಸಿದ್ದನು. ಆದರೆ ಕಡ್ಡಿಗಳು ಹಬ್ಬಿನಿಂದ ನೇರವಾಗಿ, ಎಂದರೆ ತ್ರಿಜ್ಯದ ದಿಕ್ಕಿನಲ್ಲಿ, ಹೊರಟರೆ ಒಂದು ತೊಡಕುಂಟು. ಸರಪಳಿಯು ಹಬ್ಬನ್ನು ತಿರುಗಿಸಿದಾಗ ಹಬ್ಬು ಮುಂದಾಗಿ ರಿಮ್ಮು ಹಿಂದೆ ಉಳಿಯುತ್ತದೆ; ತ್ರಿಜ್ಯದ ಕಡ್ಡಿಯು ಈ ತಿರುಚನ್ನು ಸಾಗಿಸಲಾರದು. ಕಾವೆಂಟ್ರಿಯ ಜೇಮ್ಸ್ ಸ್ಟಾರ್ಲಿ ೧೮೭೪ರಲ್ಲಿ ಪೇಟೆಂಟು ಪಡೆದ ವಿಧಾನದಲ್ಲಿ ಕಡ್ಡಿಗಳು ಹಬ್ಬಿಗೆ ಸ್ಪರ್ಶರೇಖೆಗಳಂತೆ, ಅರ್ಧ ಮುಂದಕ್ಕೂ ಅರ್ಧ ಹಿಂದಕ್ಕೂ ವಾಲಿ ಹೊರಡುತ್ತವೆ. ಹಬ್ಬು ತಿರುಗಿದಾಗ ಒಂದು ಗುಂಪು ಇನ್ನಷ್ಟು ಬಿಗಿಯುತ್ತದೆ, ಇನ್ನೊಂದು ಅಷ್ಟೇ ಸಡಿಲುತ್ತದೆ. ಇಂದಿಗೂ ನಾವು ಕಾಣುವ ಹಿಂದಿನ ಚಕ್ರಗಳಲ್ಲಿ ಬಹುಪಾಲು ಈ ಕಟ್ಟಿನವೇ.

ಚಿಕ್ಕ ಚಕ್ರಕ್ಕೆ ಮೂರು ವೇಗವೇಕೆ ಎಂಬ ಪ್ರಶ್ನೆ ಏಳಬಹುದು. ದೊಡ್ಡ ಸೈಕಲ್ಲಿನಲ್ಲಿ ಪೆಡಲಿನ ಕಡೆ ೪೪ ಹಲ್ಲು, ಹಿಂದೆ ೧೮ ಹಲ್ಲು ಇದ್ದರೆ, ಪೆಡಲು ಒಂದು ಸುತ್ತು ಬಂದಾಗ ಗಾಡಿ ಸುಮಾರು ೫.೪ ಮೀಟರು ಸಾಗುತ್ತದೆ. ಅದೇ ಹಲ್ಲುಗಳು ೨೦ ಅಂಗುಲದ ಚಕ್ರಕ್ಕಿದ್ದರೆ ಸಾಗುವುದು ೩.೮ ಮೀಟರು ಮಾತ್ರ. ಸವಾರನು ಬಯಲಿನಲ್ಲಿಯೂ ಕಾಲನ್ನು ಗಿರಗಿರನೆ ತಿರುಗಿಸಬೇಕಾಗುತ್ತದೆ. ಹಿಂದೆ ೧೬ ಹಲ್ಲಿನ ಚಕ್ರವಿಟ್ಟು ಮೂರು ವೇಗದ ಹಬ್ಬನ್ನು ಸೇರಿಸಿದರೆ ಏರಿನಲ್ಲಿ ೩.೨, ನಡುವೆ ೪.೩, ಬಯಲಿನಲ್ಲಿ ೫.೭ ಮೀಟರು ದೊರೆಯುತ್ತದೆ. ೧೯೬೨ರಲ್ಲಿ ಅಲೆಕ್ಸ್ ಮೋಲ್ಟನ್ ಎಂಬ ಇಂಗ್ಲಿಷ್ ಎಂಜಿನಿಯರು ರಬ್ಬರಿನ ಸ್ಪ್ರಿಂಗುಗಳ ಮೇಲೆ ೧೬ ಅಂಗುಲದ ಚಕ್ರಗಳನ್ನಿಟ್ಟು ಹೊಸ ಮಾದರಿಯ ಸೈಕಲ್ಲನ್ನು ಹೊರತಂದಾಗ ಅದರ ಹಲವು ಮಾದರಿಗಳಲ್ಲಿ ಸ್ಟರ್ಮಿ-ಆರ್ಚರ್ ಹಬ್ಬುಗಳನ್ನೇ ಬಳಸಲಾಗಿತ್ತು. ಚಿಕ್ಕ ಚಕ್ರ ಮತ್ತು ವೇಗದ ಹಬ್ಬು ಇವೆರಡರ ಸ್ನೇಹ ಅಂದಿನಿಂದಲೂ ನಡೆದುಬಂದಿದೆ.

ಸ್ಟರ್ಮಿ-ಆರ್ಚರ್ ಮೂರು ವೇಗದ ಹಬ್ಬು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ೧೯೦೨ರಲ್ಲಿ ಹುಟ್ಟಿತು. ೧೯೩೬ರಲ್ಲಿ ಬಂದ ‘ಎ. ಡಬ್ಲ್ಯೂ.’ ಎಂಬ ಮಾದರಿ ಅತ್ಯಂತ ಪ್ರಸಿದ್ಧವಾದುದು. ೨೦೦೦ದಲ್ಲಿ ಆ ಉದ್ಯಮ ತೈವಾನಿನವರ ಕೈಸೇರಿತು. ಹಬ್ಬಿನ ಒಳಗೆ ಅಚ್ಚಿಗೆ ಕದಲದಂತೆ ಕೂರಿಸಿದ ೨೦ ಹಲ್ಲಿನ ಸೂರ್ಯಚಕ್ರವಿದೆ. ಅದನ್ನು ಸುತ್ತುವ ೨೦ ಹಲ್ಲಿನ ಗ್ರಹಚಕ್ರಗಳಿವೆ. ಅವನ್ನೆಲ್ಲ ಬಳಸಿ ಒಳಮುಖವಾಗಿ ೬೦ ಹಲ್ಲುಗಳಿರುವ ಬಳೆಚಕ್ರವಿದೆ. ಗ್ರಹಗಳನ್ನು ಹಿಡಿದಿರುವ ಪಂಜರವನ್ನು ಒಂದು ಸುತ್ತು ತಿರುಗಿಸಿದರೆ ಬಳೆಯು ಒಂದು ಸುತ್ತನ್ನೂ ಅದರ ಮೇಲೆ ೨೦/೬೦ ಸುತ್ತನ್ನೂ, ಅಂತೂ ೪/೩ ಸುತ್ತು ತಿರುಗುತ್ತದೆ. ಸರಪಳಿಯ ಶಕ್ತಿಯನ್ನು ಪಂಜರಕ್ಕೆ ಕೊಟ್ಟು ಬಳೆಯಿಂದ ಪಡೆದರೆ ವೇಗ ೪/೩ಕ್ಕೆ ಏರುತ್ತದೆ, ಬಳೆಗೆ ಕೊಟ್ಟು ಪಂಜರದಿಂದ ಪಡೆದರೆ ೩/೪ಕ್ಕೆ ಇಳಿಯುತ್ತದೆ, ನಡುವಣದು ನೇರ. ಸೂರ್ಯಚಕ್ರವು ಅಚ್ಚಿಗೆ ಅಂಟಿಕೊಂಡಿದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವುಂಟು.

ಈ ಯಂತ್ರವೆಲ್ಲವೂ ಹೊಟ್ಟೆಯಲ್ಲಿರುವುದರಿಂದ ಹೊಸ ಹಬ್ಬು ಹಳೆಯದಕ್ಕಿಂತ ದಪ್ಪ. ನಮ್ಮ ಕೆಲಸದ ಕಷ್ಟವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಅಳತೆಯಿಂದ ಪ್ರಾರಂಭಿಸಬೇಕು. ರಿಮ್ಮಿನ ತೂತುಗಳೂ ಹಬ್ಬಿನ ತೂತುಗಳೂ ಸಂಖ್ಯೆಯಲ್ಲಿ ಸಮನಾಗಿರತಕ್ಕದ್ದು. ನಮ್ಮ ದೇಶದ ಹಳೆಯ ಮಾದರಿಯ ದೊಡ್ಡ ಸೈಕಲ್ಲಿನ ಹಿಂದಿನ ಹಬ್ಬಿಗೆ ೪೦, ಮುಂದಿನದಕ್ಕೆ ೩೨ ತೂತುಗಳಿರುವುದು ವಾಡಿಕೆ; ಅವು ೩೬ ತೂತಿನ ರಿಮ್ಮಿಗೆ ಹೊಂದುವುದಿಲ್ಲ. ಇನ್ನು ‘೨೦ ಅಂಗುಲ’ ಎಂಬ ಹೆಸರನ್ನು ನಂಬಕೂಡದು. ಟೈರು ಕೂರುವ ಜಾಗದಲ್ಲಿ ೪೦೬ ಮಿಲಿಮೀಟರು ವ್ಯಾಸವಿರುವ ರಿಮ್ಮಿಗೂ ೪೫೧ ಮಿಲಿಮೀಟರು ವ್ಯಾಸವಿರುವ ರಿಮ್ಮಿಗೂ ಅದೇ ಹೆಸರು. ವ್ಯಾಪಾರದಲ್ಲಿ ಇಂಥ ಹೆಸರುಗಳು ಬೆಳೆದುಬಿಟ್ಟಿವೆ. ಅಳತೆಪಟ್ಟಿಯೊಂದೇ ನಮಗೆ ಗತಿ.

ನಮಗೆ ಬೇಕಾದುದು ಟೈರಿನ ಅಳತೆಯೂ ಅಲ್ಲ, ಕಡ್ಡಿಯ ತುದಿ ಮುಟ್ಟಬೇಕಾದ ವೃತ್ತದ ಅಳತೆ. ಎರಡು ಹಳೆಯ ಕಡ್ಡಿಗಳನ್ನು ಗೊತ್ತಾದ ಉದ್ದಕ್ಕೆ ಕತ್ತರಿಸಿ, ರಿಮ್ಮಿನ ಎದುರುಬದುರಾದ ತೂತುಗಳಲ್ಲಿ ನಿಪ್ಪಲ್ಲುಗಳಿಂದ ಸಿಕ್ಕಿಸಿ, ಕಡ್ಡಿಯ ತುದಿ ನಿಪ್ಪಲ್ಲಿನ ತಲೆಯ ಸೀಳಿಗೆ ಸಮನಾಗುವಂತೆ ತಿರುಗಿಸಿ, ನಡುವೆ ಉಳಿಯುವ ಅಂತರವನ್ನು ಅಳೆದು ಕೂಡಿಸಿದರೆ ಆ ವ್ಯಾಸ ದೊರೆಯುತ್ತದೆ. ಇದು ೩೯೦ ಮಿಲಿಮೀಟರು ಬಂದಿತೆನ್ನೋಣ, ತ್ರಿಜ್ಯ ೧೯೫. ಹಬ್ಬಿನ ಎರಡು ಕಡೆಗಳಲ್ಲಿ ಕಡ್ಡಿಯ ತೂತುಗಳಿರುವ ಅಂಚನ್ನು ಬಿಲ್ಲೆ ಎಂದು ಕರೆಯೋಣ. ಹಳೆಯ ಹಬ್ಬಿನ ಬಿಲ್ಲೆಯಲ್ಲಿ ತೂತುಗಳ ವೃತ್ತದ ತ್ರಿಜ್ಯ ೨೦, ಹೊಸದರಲ್ಲಿ ೨೯ ಇರಲಿ. ಹಬ್ಬಿನ ನಡುವಿನಿಂದ ಬಿಲ್ಲೆಗಿರುವ ದೂರ ಹಳೆಯದರಲ್ಲಿ ೩೪, ಹೊಸದರಲ್ಲಿ ೩೦ ಇರಲಿ. ಈ ಅಂಕಿಗಳು ಉದಾಹರಣೆಗೆ ಮಾತ್ರ. ತಮ್ಮ ಹಬ್ಬನ್ನು ತಾವೇ ಅಳೆದುಕೊಳ್ಳಬೇಕು.

ಇನ್ನು ಕೋನ. ಒಂದು ಬಿಲ್ಲೆಯಲ್ಲಿ ೧೮ ತೂತುಗಳಿರುವುದರಿಂದ ಒಂದರಿಂದ ಒಂದಕ್ಕೆ ೨೦ ಡಿಗ್ರಿ. ಕಡ್ಡಿಯೊಂದು ತನ್ನ ಬಿಲ್ಲೆಯ ಬೇರೆ ಮೂರು ಕಡ್ಡಿಗಳನ್ನು ದಾಟಿ ರಿಮ್ಮನ್ನು ಸೇರಿದರೆ ಅದು ಮೂರು ಅಡ್ಡದ ಕಟ್ಟು. ಕೋನ ೬೦ ಡಿಗ್ರಿ. ಎರಡು ಅಡ್ಡವಾದರೆ ೪೦. ಇಷ್ಟು ತಿಳಿದಮೇಲೆ ಶಾಲೆಯಲ್ಲಿ ಕಲಿತ ತ್ರಿಕೋನದ ನಿಯಮವೇ ಸಾಕು: ಎರಡು ತ್ರಿಜ್ಯಗಳ ವರ್ಗಗಳನ್ನೂ ಬಿಲ್ಲೆಯ ದೂರದ ವರ್ಗವನ್ನೂ ಕೂಡಿಸಿ, ತ್ರಿಜ್ಯಗಳ ಗುಣಲಬ್ಧದ ಎರಡರಷ್ಟನ್ನು ಕೋನದ ಕೊಸೈನಿನಿಂದ ಗುಣಿಸಿ ಅದರಿಂದ ಕಳೆದು, ವರ್ಗಮೂಲ ತೆಗೆದು, ಬಿಲ್ಲೆಯ ತೂತಿನ ಅರ್ಧವ್ಯಾಸವನ್ನು (ಸುಮಾರು ೧.೩ ಮಿಲಿಮೀಟರು) ಕಳೆಯಬೇಕು.

ಹಳೆಯ ಹಬ್ಬಿಗೆ ಮೂರು ಅಡ್ಡದಲ್ಲಿ ೧೮೭.೬ ಮಿಲಿಮೀಟರು ಬರುತ್ತದೆ. ಹೊಸದಕ್ಕೆ ಮೂರು ಅಡ್ಡದಲ್ಲಿ ೧೮೩.೪, ಎರಡು ಅಡ್ಡದಲ್ಲಿ ೧೭೫.೧. ಗಣಿತಕ್ಕೆ ಹೆದರುವವರು ಒಂದು ದೊಡ್ಡ ಕಾಗದದ ಮೇಲೆ ಎರಡು ವೃತ್ತಗಳನ್ನು ನಿಜವಾದ ಅಳತೆಯಲ್ಲಿಯೇ ಬರೆದು ಕಡ್ಡಿಯನ್ನು ಗೆರೆಯಾಗಿ ಎಳೆದು ಅಳೆಯಬಹುದು. ಬಿಲ್ಲೆಯ ದೂರಕ್ಕಾಗಿ ಆ ಗೆರೆಯನ್ನು ಒಂದು ಬಾಹುವಾಗಿಯೂ ೩೦ ಮಿಲಿಮೀಟರನ್ನು ಇನ್ನೊಂದು ಬಾಹುವಾಗಿಯೂ ಮಾಡಿ ಲಂಬಕೋನ ತ್ರಿಕೋನವನ್ನು ಬರೆದರೆ ಅದರ ಕರ್ಣವೇ ಉದ್ದ, ತೂತಿನ ೧.೩ ಮಿಲಿಮೀಟರನ್ನು ಇದರಿಂದಲೂ ಕಳೆಯಬೇಕು. ದೊಡ್ಡ ಚಕ್ರಕ್ಕೆ ಗೋಡೆಯಷ್ಟು ಕಾಗದ ಬೇಕಾದೀತು; ಚಿಕ್ಕ ಚಕ್ರದ ಪಕ್ಷಕ್ಕೆ ಇದೊಂದು ಅನುಕೂಲ.

ನಾಲ್ಕು ಮಿಲಿಮೀಟರಿನ ಅಂತರವೇನು ಮಹಾ, ಹಳೆಯ ಕಡ್ಡಿಗಳನ್ನೇ ಹಾಕಿಬಿಡೋಣ ಎಂದು ತೋರಬಹುದು. ಹಾಗೆ ಮಾಡಕೂಡದು. ಕಡ್ಡಿಯ ತುದಿಯಲ್ಲಿ ಮರೆ ಇರುವುದು ಸುಮಾರು ೧೦ ಮಿಲಿಮೀಟರು. ನಾಲ್ಕು ಮಿಲಿಮೀಟರು ಉದ್ದವಾದ ಕಡ್ಡಿಯು ಬಿಗಿಯುತ್ತಿದ್ದಂತೆ ನಿಪ್ಪಲ್ಲಿನ ತಲೆಯನ್ನು ದಾಟಿ ಟ್ಯೂಬನ್ನು ಚುಚ್ಚುತ್ತದೆ. ತುದಿಯನ್ನು ಅರದಿಂದ ಉಜ್ಜಿ ಚುಚ್ಚದಂತೆ ಮಾಡಿದರೂ ಮರೆಯೇ ಮುಗಿದುಹೋಗಿ ನಿಪ್ಪಲ್ಲು ಮುಂದಕ್ಕೆ ತಿರುಗಲಾರದು. ಕೀಲಿ ಬಿಗಿಯಾದುದರಿಂದ ಕಡ್ಡಿಯೂ ಬಿಗಿಯಾಯಿತೆಂಬ ಭ್ರಾಂತಿ ಹುಟ್ಟುತ್ತದೆ. ಹಳೆಯ ಕಡ್ಡಿಯನ್ನು ಗಿಡ್ಡಮಾಡಿ ಹೊಸ ಮರೆ ಹಾಕಿಸುವುದಾದರೆ ಅದು ಒತ್ತಿ ಉರುಳಿಸಿದ ಮರೆಯಾಗಿರಬೇಕು, ಡೈಯಿಂದ ಕೊರೆದದ್ದಾಗಿರಬಾರದು. ಕೊರೆದಾಗ ಲೋಹ ಕಳೆದುಹೋಗಿ ಕಡ್ಡಿ ಅಲ್ಲಿ ತೆಳುವಾಗುತ್ತದೆ, ದಣಿವಿನ ಬಿರುಕು ಅಲ್ಲಿಂದಲೇ ಮೊದಲಾಗುತ್ತದೆ. ಲೆಕ್ಕದ ಉದ್ದಕ್ಕೆ ಹೊಸ ಕಡ್ಡಿಗಳನ್ನೇ ತರುವುದು ಮೇಲು. ಅವು ಚಕ್ರದ ಅತ್ಯಂತ ಅಗ್ಗದ ಭಾಗ.

ಮೂರು ಅಡ್ಡವೋ, ಎರಡೋ? ದೊಡ್ಡ ಚಕ್ರಗಳಿಗೆ ಮೂರು ಅಡ್ಡ ಒಳ್ಳೆಯದೆಂಬುದು ರೂಢಿ. ಚಿಕ್ಕ ಚಕ್ರಕ್ಕೆ ಎರಡೇ ಉತ್ತಮವೆಂಬುದು ನಮ್ಮ ಅಭಿಪ್ರಾಯ. ಕಾರಣವು ರಿಮ್ಮಿನ ಕಡೆಯಲ್ಲಿದೆ. ರಿಮ್ಮಿನ ತೂತು ಕೇಂದ್ರದ ಕಡೆಗೆ ಮುಖಮಾಡಿರುತ್ತದೆ. ಕಡ್ಡಿಯು ವಾಲಿ ಬಂದರೆ ನಿಪ್ಪಲ್ಲಿನ ಬಾಯಲ್ಲಿ ಬಾಗಬೇಕಾಗುತ್ತದೆ. ಇದೇ ಹಬ್ಬಿಗೆ ಮೂರು ಅಡ್ಡ ಹಾಕಿದಾಗ ೨೮ ಅಂಗುಲದ ಚಕ್ರದಲ್ಲಿ ಈ ವಾಲು ಸುಮಾರು ೫ ಡಿಗ್ರಿ; ನಮ್ಮ ಚಿಕ್ಕ ಚಕ್ರದಲ್ಲಿ ೮ ಡಿಗ್ರಿ. ಎರಡು ಅಡ್ಡಕ್ಕೆ ಇಳಿದರೆ ಅದು ೬ಕ್ಕೆ ಬರುತ್ತದೆ. ಹಬ್ಬು ಇನ್ನೂ ದೊಡ್ಡದಾದರೆ ಸ್ಥಿತಿ ಕೈಮೀರುತ್ತದೆ. ವಿದ್ಯುತ್ ಸೈಕಲ್ಲುಗಳಲ್ಲಿ ಹಬ್ಬೇ ಮೋಟಾರು. ಅದರ ಬಿಲ್ಲೆಯ ತ್ರಿಜ್ಯ ೧೦೦ ಮಿಲಿಮೀಟರಿದ್ದರೆ, ಇದೇ ರಿಮ್ಮಿಗೆ ಒಂದೇ ಅಡ್ಡ ಹಾಕಿದರೂ ವಾಲು ಸುಮಾರು ೧೯ ಡಿಗ್ರಿ! ಅಂಥ ಚಕ್ರದಲ್ಲಿ ಕಡ್ಡಿಗಳು ನಿಪ್ಪಲ್ಲಿನ ಬುಡದಲ್ಲಿ ಮುರಿದರೆ ಕಡ್ಡಿ ಮಾಡಿದವರನ್ನು ಬೈಯುವುದು ನ್ಯಾಯವಲ್ಲ.

ಅಡ್ಡಗಳು ಕಡಮೆಯಾದರೆ ಸರಪಳಿಯ ತಿರುಚನ್ನು ಸಾಗಿಸುವ ಶಕ್ತಿ ಕುಂದದೆ? ಸ್ವಲ್ಪ ಕುಂದುತ್ತದೆ. ಆದರೆ ಒಂದೇ ಏರನ್ನು ಹತ್ತಲು ನೆಲವನ್ನು ತಳ್ಳಬೇಕಾದ ಬಲ ಒಂದೇ ಆದರೂ ಚಕ್ರದ ತ್ರಿಜ್ಯ ಚಿಕ್ಕದಾದಷ್ಟೂ ಹಬ್ಬಿನ ಮೇಲೆ ಬೀಳುವ ತಿರುಚು ಕಡಮೆ. ಅಲ್ಲದೆ ಹೊಸ ಹಬ್ಬಿನ ಬಿಲ್ಲೆ ದೊಡ್ಡದು, ಅದರ ಸನ್ನೆ ಉದ್ದ. ಆದುದರಿಂದ ಎರಡು ಅಡ್ಡ ಧಾರಾಳವಾಗಿ ಸಾಕು.

ಕಟ್ಟುವ ಕ್ರಮವನ್ನು ಸಂಕ್ಷೇಪವಾಗಿ ಹೇಳೋಣ. ರಿಮ್ಮಿನ ತೂತುಗಳು ಒಂದುಬಿಟ್ಟೊಂದು ಎಡಕ್ಕೂ ಬಲಕ್ಕೂ ಸೇರಿದವು. ಬಲ ಬಿಲ್ಲೆಯ ಒಂದುಬಿಟ್ಟೊಂದು ತೂತಿನಲ್ಲಿ ಒಂಬತ್ತು ಕಡ್ಡಿಗಳನ್ನು ಇಳಿಬಿಟ್ಟು, ಮೊದಲನೆಯದನ್ನು ವಾಲ್ವಿನ ತೂತಿಗೆ ಹೊಂದಿದ ಬಲಗಡೆಯ ತೂತಿಗೆ, ಉಳಿದವನ್ನು ಅಲ್ಲಿಂದ ನಾಲ್ಕನೆಯ ನಾಲ್ಕನೆಯ ತೂತಿಗೆ ಸೇರಿಸಬೇಕು. ಎಡಕ್ಕೂ ಹಾಗೆಯೇ. ಬಳಿಕ ಹಬ್ಬನ್ನು ತಿರುವಿ ಇವನ್ನೆಲ್ಲ ಒಂದೇ ದಿಕ್ಕಿಗೆ ವಾಲಿಸಿ, ಉಳಿದ ಕಡ್ಡಿಗಳನ್ನು ಬಿಲ್ಲೆಗಳ ಒಳಗಿನಿಂದ ಹೊರಕ್ಕೆ ತೂರಿಸಿ, ವಿರುದ್ಧ ದಿಕ್ಕಿಗೆ ಎರಡೆರಡು ಕಡ್ಡಿಗಳನ್ನು ದಾಟಿಸಿ ಕಟ್ಟಬೇಕು. ವಾಲ್ವಿನ ಮೇಲೆ ಕಡ್ಡಿಗಳು ಅಡ್ಡಬಂದರೆ ಪಂಪಿನ ಬಾಯಿ ಹೋಗಲಾರದು. ಮೊದಲೇ ನೋಡಿಕೊಳ್ಳುವುದು ಲೇಸು. ಬಿಲ್ಲೆಯ ತಗಡು ತೆಳುವಾಗಿದ್ದರೆ ಕಡ್ಡಿಯ ತಲೆಯ ಕೆಳಗೆ ಹಿತ್ತಾಳೆಯ ಸಣ್ಣ ವಾಷರು ಇಡಬೇಕು. ಇಲ್ಲದಿದ್ದರೆ ಕಡ್ಡಿಯ ಮೊಣಕೈ ತೂತಿನಲ್ಲಿ ಅಲುಗಾಡಿ ಬೇಗ ಮುರಿಯುತ್ತದೆ.

ಈಗ ಬಿಗಿಯುವುದು. ಚಿಕ್ಕ ಚಕ್ರದ ಸ್ವಭಾವ ಇಲ್ಲಿ ಸ್ಪಷ್ಟವಾಗುತ್ತದೆ. ಎರಡು ಮಿಲಿಮೀಟರು ದಪ್ಪದ, ೩೦೦ ಮಿಲಿಮೀಟರು ಉದ್ದದ ಉಕ್ಕಿನ ಕಡ್ಡಿಗೆ ೧೦೦ ಕಿಲೋಗ್ರಾಂ ಬಿಗಿತ ಕೊಟ್ಟರೆ ಅದು ೦.೪೮ ಮಿಲಿಮೀಟರು ಹಿಗ್ಗುತ್ತದೆ. ೧೭೫ ಮಿಲಿಮೀಟರಿನದು ಹಿಗ್ಗುವುದು ೦.೨೮ ಮಾತ್ರ. ಅಂಗುಲಕ್ಕೆ ೫೬ ಮರೆಗಳಿರುವ ನಿಪ್ಪಲ್ಲನ್ನು ಒಂದು ಸುತ್ತು ತಿರುಗಿಸಿದರೆ ಅದು ಸುಮಾರು ೦.೪೫ ಮಿಲಿಮೀಟರು ಮುಂದುವರಿಯುತ್ತದೆ. ರಿಮ್ಮಿನ ಕುಗ್ಗನ್ನು ಬಿಟ್ಟು ಲೆಕ್ಕಹಾಕಿದರೆ, ದೊಡ್ಡ ಚಕ್ರದಲ್ಲಿ ಸಡಿಲದಿಂದ ಪೂರ್ಣ ಬಿಗಿತಕ್ಕೆ ಒಂದು ಸುತ್ತಿಗೂ ಸ್ವಲ್ಪ ಹೆಚ್ಚು ಬೇಕು. ಚಿಕ್ಕ ಚಕ್ರದಲ್ಲಿ ಅರ್ಧ ಸುತ್ತಿಗೆ ಸ್ವಲ್ಪ ಮೇಲೆ ಅಷ್ಟೆ. ದೊಡ್ಡ ಚಕ್ರದಲ್ಲಿ ಬೆಂಡು ತೆಗೆಯಲು ಅರ್ಧರ್ಧ ಸುತ್ತು ತಿರುಗಿಸಿ ರೂಢಿಯಾದ ಕೈ ಇಲ್ಲಿಯೂ ಹಾಗೆ ಮಾಡಿದರೆ ಒಂದು ಕಡ್ಡಿ ಕಿತ್ತುಬರುವಷ್ಟು ಬಿಗಿದು ಪಕ್ಕದ್ದು ಜೋತುಬೀಳುತ್ತದೆ. ರಿಮ್ಮು ನೆಟ್ಟಗೆ ಓಡುತ್ತಿದ್ದರೂ ಕಡ್ಡಿಗಳು ವಿಷಮವಾಗಿರುತ್ತವೆ. ಇಂಥ ಚಕ್ರ ಅಂಗಡಿಯಲ್ಲಿ ಸೊಗಸಾಗಿ ಕಂಡು ತಿಂಗಳೊಳಗೆ ಬೆಂಡಾಗುತ್ತದೆ. ಚಿಕ್ಕ ಚಕ್ರದಲ್ಲಿ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಕೂಡದು. ಕೊನೆಯ ಹಂತದಲ್ಲಿ ಅದರ ಅರ್ಧವೇ ಸಾಕು.

ಬಿಗಿತವನ್ನು ಅಳೆಯುವ ಉಪಕರಣವಿಲ್ಲದವರಿಗೆ ಕಿವಿಯುಂಟು. ಕಡ್ಡಿಯನ್ನು ಉಗುರಿನಿಂದ ಮೀಟಿದರೆ ತಂಬೂರಿಯ ತಂತಿಯಂತೆ ನಾದ ಬರುತ್ತದೆ. ಇಡೀ ಉದ್ದ ಕಂಪಿಸುವುದಾದರೆ, ಮೇಲಣ ಬಿಗಿತದಲ್ಲಿ ೩೦೦ ಮಿಲಿಮೀಟರಿನ ಕಡ್ಡಿ ಸೆಕೆಂಡಿಗೆ ಸುಮಾರು ೩೩೫ ಸಲವೂ ೧೭೫ರದು ೫೭೫ ಸಲವೂ ಕಂಪಿಸುತ್ತದೆ. ದೊಡ್ಡದು ಷಡ್ಜವಾದರೆ ಚಿಕ್ಕದು ಧೈವತದ ಹತ್ತಿರ. ದೊಡ್ಡ ಚಕ್ರದ ಶ್ರುತಿಯನ್ನು ನೆನಪಿಟ್ಟುಕೊಂಡು ಚಿಕ್ಕ ಚಕ್ರವನ್ನು ಅದಕ್ಕೆ ಹೊಂದಿಸಿದವನು ಅದನ್ನು ಬಹಳ ಸಡಿಲವಾಗಿ ಬಿಟ್ಟಿರುತ್ತಾನೆ. ಅಡ್ಡಹಾಯುವ ಕಡ್ಡಿಗಳು ಒಂದನ್ನೊಂದು ಮುಟ್ಟುವುದರಿಂದ ನಾದದ ಸ್ಥಾಯಿಯನ್ನು ಪುಸ್ತಕದಿಂದ ಕಂಡುಹಿಡಿಯುವುದು ಸುಲಭವಲ್ಲ. ಒಂದೇ ಬಿಲ್ಲೆಯ ಕಡ್ಡಿಗಳನ್ನು ಒಂದೇ ಜಾಗದಲ್ಲಿ ಮೀಟಿ ಪರಸ್ಪರ ಹೋಲಿಸಿದರೆ ಸಾಕು. ಪಕ್ಕಪಕ್ಕದ ಎರಡು ಸ್ವರಸ್ಥಾನಗಳಷ್ಟು ವ್ಯತ್ಯಾಸ ಕೇಳಿಬಂದರೆ ಬಿಗಿತದಲ್ಲಿ ಶೇಕಡಾ ೧೨ರಷ್ಟು ಅಂತರವುಂಟೆಂದು ತಿಳಿಯಬೇಕು. ಅದಕ್ಕಿಂತ ಹೆಚ್ಚನ್ನು ಬಿಡಬಾರದು.

ರಿಮ್ಮು ನಿಲ್ಲಬೇಕಾದುದು ಬಿಲ್ಲೆಗಳ ನಡುವೆ ಅಲ್ಲ, ಅಚ್ಚಿನ ಎರಡು ತುದಿಯ ನಟ್ಟುಗಳ ನಡುವೆ ಎಂಬುದನ್ನು ಮರೆಯಬಾರದು. ಇದಾದಮೇಲೆ ಸಮಾಂತರವಾಗಿರುವ ಎರಡೆರಡು ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದು ಬಲವಾಗಿ ಹಿಸುಕಬೇಕು. ಮೊಣಕೈಗಳು ತಮ್ಮ ಜಾಗದಲ್ಲಿ ಕೂರುತ್ತವೆ, ತಿರುಚಿಕೊಂಡಿದ್ದ ಕಡ್ಡಿಗಳು ಟಿಕ್ಕೆಂದು ಬಿಚ್ಚಿಕೊಳ್ಳುತ್ತವೆ. ಬೆಂಡು ಮತ್ತೆ ತೋರಿದರೆ ಮತ್ತೆ ತೆಗೆಯಬೇಕು. ಸದ್ದು ನಿಂತಮೇಲೆ ಟೈರು ಹಾಕಬಹುದು.

ಚಕ್ರವನ್ನು ಗಾಡಿಗೆ ಕೂರಿಸುವಾಗ ಸೂರ್ಯಚಕ್ರದ ಮಾತು ನೆನಪಿಗೆ ಬರಬೇಕು. ಅದು ಅಚ್ಚಿಗೆ ಅಂಟಿಕೊಂಡಿರುವುದರಿಂದ ಮೊದಲನೆಯ ಮತ್ತು ಮೂರನೆಯ ವೇಗಗಳಲ್ಲಿ ಅಚ್ಚೇ ತಿರುಗಲು ಹವಣಿಸುತ್ತದೆ. ಸಾಧಾರಣ ಹಬ್ಬಿನ ಅಚ್ಚಿಗೆ ಈ ಕಾಟವಿಲ್ಲ. ಆದಕಾರಣ ಅಚ್ಚಿನ ಚಪ್ಪಟೆ ಬದಿಗಳನ್ನು ಕಚ್ಚಿ ಫೋರ್ಕಿನ ಸೀಳಿನಲ್ಲಿ ನಿಲ್ಲುವ ತಡೆವಾಷರುಗಳನ್ನು ಎರಡು ಕಡೆಯಲ್ಲಿಯೂ ಹಾಕಲೇಬೇಕು. ಫೋರ್ಕಿನ ಅಗಲ ಹಬ್ಬಿಗಿಂತ ಹೆಚ್ಚಿದ್ದರೆ ಸಾದಾ ವಾಷರುಗಳಿಂದ ತುಂಬಬಹುದು.

ಕೊನೆಯದು ತಂತಿಯ ಹೊಂದಿಕೆ. ಹಳೆಯ ‘ಎ. ಡಬ್ಲ್ಯೂ.’ ಹಬ್ಬುಗಳಲ್ಲಿ ಎರಡನೆಯ ಮತ್ತು ಮೂರನೆಯ ವೇಗಗಳ ನಡುವೆ ಯಾವುದಕ್ಕೂ ಸಿಕ್ಕದ ಖಾಲಿ ಜಾಗವೊಂದಿದೆ. ತಂತಿ ಸರಿಯಿಲ್ಲದಿದ್ದರೆ, ಸವಾರನು ಎದ್ದುನಿಂತು ತುಳಿದ ಸಮಯಕ್ಕೆ ಪೆಡಲು ಹಿಡಿತವಿಲ್ಲದೆ ಕುಸಿದುಹೋಗುತ್ತದೆ. ಗುಂಡಿಯನ್ನು ಎರಡನೆಯ ವೇಗದಲ್ಲಿಟ್ಟು, ಬಲಗಡೆಯ ನಟ್ಟಿನ ಕಿಂಡಿಯಲ್ಲಿ ನೋಡಿದರೆ, ಸರಪಳಿಯ ತುಂಡಿಗೆ ಸೇರಿದ ಸರಳಿನ ಹೆಗಲು ಅಚ್ಚಿನ ತುದಿಗೆ ಸಮನಾಗಿರಬೇಕು. ಅದು ಒಳಗಿದ್ದರೆ ತಂತಿಯನ್ನು ಬಿಗಿಯಬೇಕು, ಹೊರಗಿದ್ದರೆ ಸಡಿಲಿಸಬೇಕು. ಇದನ್ನು ಹೊಂದಿಸಿ ಮೊದಲ ೧೦೦ ಕಿಲೋಮೀಟರು ಸಮನೆಲದಲ್ಲಿ ಓಡಿಸಿ, ಚಕ್ರವನ್ನು ಎತ್ತಿ ಹಿಡಿದು ಮೂವತ್ತಾರು ಕಡ್ಡಿಗಳನ್ನೂ ಇನ್ನೊಮ್ಮೆ ಮೀಟಿ ನೋಡಬೇಕು. ಶ್ರುತಿ ಇಳಿದ ಕಡ್ಡಿಗೆ ಕೀಲಿಯನ್ನು ಎಂಟನೆಯ ಒಂದು ಸುತ್ತು ಕೊಟ್ಟು, ಮತ್ತೆ ಮೀಟಿ, ಪಕ್ಕದ್ದರೊಡನೆ ಹೋಲಿಸಬೇಕು.